ಮಂಡಿ ಹೌಸಿನಿಂದ ಬಂದ ಕೇಳಿ

ಕರಾವಳಿಯಲ್ಲಿ ಯಕ್ಷಗಾನದ ಆಟವಿದ್ದ ದಿನ ಮುಸ್ಸಂಜೆಗೆ ಚೆಂಡೆ ಮದ್ದಳೆಗಳ ‘ಕೇಳಿ’ ಬಾರಿಸುತ್ತಾರೆ. ಅಂದಿನ ಪ್ರಸಂಗ ಯಾವುದು, ವೇಷ ಯಾರದು ಎಂಬುದನ್ನು ಅದು ಹೇಳುವುದಿಲ್ಲ. ಗದ್ದೆಯಾಚೆಯ ಮನೆಯಲ್ಲಿ ಉಣ್ಣುತ್ತ ಕೂತವರಿಗೆ ‘ಹೊತ್ತಾಯಿತು, ಏಳಿ’ ಎಂದು ತಿಳಿಸಿದರೆ ಅದರ ಕೆಲಸ ಮುಗಿಯಿತು. 1980ರ ದಶಕದಲ್ಲಿ ಇಡೀ ದೇಶಕ್ಕೇ ಅಂಥದೊಂದು ಕೇಳಿ ದೆಹಲಿಯಿಂದ ಬರುತ್ತಿತ್ತು. ಬೀದಿಗೊಂದೋ ಎರಡೋ ಟಿ.ವಿ. ಇದ್ದ ಕಾಲ. ಧಾರಾವಾಹಿಯ ಶೀರ್ಷಿಕೆ ಸಂಗೀತ ಕಿಟಕಿಯಿಂದ ಹೊರಬಿದ್ದರೆ ಸಾಕು, ಒಗ್ಗರಣೆಯ ಸೌಟು ಕೆಳಗಿಟ್ಟು, ಆಟದ ಬಯಲು ಬಿಟ್ಟು ಜನ ಓಡಿ ಬರುತ್ತಿದ್ದರು. ಹಿಂದಿ ಬಾರದವರೂ ಬರುತ್ತಿದ್ದರು.

ಈ ಕೊನೆಯ ಮಾತನ್ನು ಕನ್ನಡಿಗರು ಮರೆಯಬಾರದು. ದೂರದರ್ಶನದ ರಾಷ್ಟ್ರೀಯ ಕಾರ್ಯಕ್ರಮ ಎಂದರೆ ಬಹುಪಾಲು ಹಿಂದಿಯೇ. ಸಂಭಾಷಣೆ ಅರ್ಥವಾಗದ ಅಜ್ಜಿಗೆ ಮೊಮ್ಮಕ್ಕಳು ಪಕ್ಕದಲ್ಲಿ ಕೂತು ತಿಳಿಸಿ ಹೇಳಬೇಕಿತ್ತು. ಶೀರ್ಷಿಕೆಯನ್ನು ಮಾತ್ರ ಯಾರೂ ಯಾರಿಗೂ ವಿವರಿಸಬೇಕಾಗಿರಲಿಲ್ಲ. ಒಂದೂವರೆ ನಿಮಿಷದ ಆ ಚಿತ್ರ, ಆ ಸ್ವರ ಭಾಷೆಯ ಹಂಗಿಲ್ಲದೆ ಮನಸ್ಸನ್ನು ಹದ ಮಾಡಿಬಿಡುತ್ತಿತ್ತು.

ಇದರ ಬೇರು ರೇಡಿಯೋದಲ್ಲಿದೆ. ‘ಆಕಾಶವಾಣಿ’ ಎಂಬ ಹೆಸರು ಮೈಸೂರಿನದು. 1935ರಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ಅಲ್ಲಿ ನಡೆಸಿದ ಖಾಸಗಿ ಕೇಂದ್ರದ ಹೆಸರೇ ಮುಂದೆ ದೇಶದ ರೇಡಿಯೋಗೆ ಬಂತು. ಬೆಳಗಿನ ಆ ಪರಿಚಿತ ರಾಗ ಕೊಟ್ಟವರು ವಾಲ್ಟರ್ ಕೌಫ್‌ಮನ್. ನಾಜಿಗಳ ಕಾಲದಲ್ಲಿ ಯುರೋಪು ಬಿಟ್ಟು ಮುಂಬೈಗೆ ಬಂದಿದ್ದ ಯೆಹೂದಿ ಸಂಗೀತಗಾರ ಅವರು. ಪ್ರಸಾರ ಆರಂಭವಾಗುವ ಮುನ್ನ ಕೇಳುಗರನ್ನು ಕೂಡಿಸುವ ಪಾಠವನ್ನು ಟಿ.ವಿ. ಕಲಿತದ್ದು ಇಲ್ಲಿಂದಲೇ. ಅದಕ್ಕೆ ಕಾರಣವೂ ಇದೆ. ದೆಹಲಿಯಲ್ಲಿ 1959ರ ಸೆಪ್ಟೆಂಬರ್ 15ರಂದು ಪ್ರಯೋಗವಾಗಿ ಆರಂಭವಾದ ಟಿ.ವಿ. ಸುಮಾರು ಹದಿನೇಳು ವರ್ಷ ರೇಡಿಯೋದ ನೆರಳಿನಲ್ಲೇ ಬೆಳೆಯಿತು. 1976ರ ಏಪ್ರಿಲ್ 1ರಂದು ‘ದೂರದರ್ಶನ’ ಬೇರೆ ಮನೆ ಹೂಡಿದಾಗ ಅದಕ್ಕೆ ತನ್ನದೇ ಗುರುತು ಬೇಕಾಯಿತು.

ಆ ಗುರುತು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೂಡಿತ್ತು. ದೇವಾಶಿಶ್ ಭಟ್ಟಾಚಾರ್ಯ ಎಂಬ ವಿದ್ಯಾರ್ಥಿ ಬರೆದದ್ದು ಒಂದು ಗುಂಡು, ಅದರ ಅಕ್ಕಪಕ್ಕ ಒಂದನ್ನೊಂದು ತಬ್ಬುವಂತೆ ಬಾಗಿದ ಎರಡು ಗೆರೆ. ಹಲವು ವಿನ್ಯಾಸಗಳ ನಡುವೆ ಇದನ್ನು ಆರಿಸಿದವರು ಇಂದಿರಾ ಗಾಂಧಿ. ಅದಕ್ಕೆ ಚಲನೆ ಕೊಟ್ಟವರಲ್ಲಿ ಅದೇ ಸಂಸ್ಥೆಯ ಆರ್. ಎಲ್. ಮಿಸ್ತ್ರಿ ಪ್ರಮುಖರು. ಕಂಪ್ಯೂಟರ್ ಇಲ್ಲದ ಕಾಲ. ಚಿತ್ರದ ಪ್ರತಿಗಳನ್ನು ಕ್ಯಾಮೆರಾದಡಿ ಇಟ್ಟು, ಇಷ್ಟಿಷ್ಟೇ ತಿರುಗಿಸುತ್ತ ಚೌಕಟ್ಟು ಚೌಕಟ್ಟಾಗಿ ತೆಗೆಯಬೇಕಿತ್ತು. ತೆರೆಯ ಮೇಲೆ ಕಂಡದ್ದೂ ಹಾಗೆಯೇ: ಹತ್ತಾರು ಬಾಗು ಗೆರೆಗಳು ಸುತ್ತುತ್ತ, ಒಂದರೊಳಗೊಂದು ಇಳಿಯುತ್ತ, ನಿಧಾನಕ್ಕೆ ಒಂದು ಕಣ್ಣಾಗಿ ನಿಲ್ಲುತ್ತವೆ. ಹಿಂದೆ ಪಂಡಿತ್ ರವಿಶಂಕರ್ ಅವರು ಉಸ್ತಾದ್ ಅಲಿ ಅಹ್ಮದ್ ಹುಸೇನ್ ಖಾನ್ ಜೊತೆ ಸೇರಿ ಹೊಸೆದ ರಾಗ. ಉಸ್ತಾದರ ವಾದ್ಯ ಶಹನಾಯಿ. ಅದು ಮದುವೆ ಮನೆಯ ವಾದ್ಯ, ಬೆಳಗಿನ ವಾದ್ಯ. ಆದರೂ ಆ ರಾಗದಲ್ಲಿ ಸಂಭ್ರಮಕ್ಕಿಂತ ವಿಷಾದವೇ ಹೆಚ್ಚು. ಸರ್ಕಾರಿ ಸಂಸ್ಥೆಯೊಂದು ಇಷ್ಟು ಮೃದುವಾದ ದನಿಯಲ್ಲಿ ಪ್ರಜೆಗಳನ್ನು ಕರೆದದ್ದು ನಮ್ಮಲ್ಲಿ ಅಪರೂಪ.

1982ರಲ್ಲಿ ಬಣ್ಣ ಬಂತು, ರಾಷ್ಟ್ರೀಯ ಕಾರ್ಯಕ್ರಮ ಬಂತು, ಏಷ್ಯನ್ ಕ್ರೀಡಾಕೂಟ ಬಂತು. ದೂರದರ್ಶನದ ಕಚೇರಿ ಇದ್ದ ಮಂಡಿ ಹೌಸ್ ಎಂಬ ಜಾಗದ ಹೆಸರು ಸಂಸ್ಥೆಗೇ ಅಡ್ಡಹೆಸರಾಯಿತು. ಧಾರಾವಾಹಿಯ ಯುಗ ನಿಜವಾಗಿ ಆರಂಭವಾದದ್ದು 1984ರ ಜುಲೈ 7ರಂದು, ‘ಹಮ್ ಲೋಗ್’ ಮೂಲಕ. ಮೆಕ್ಸಿಕೋದ ಧಾರಾವಾಹಿಗಳ ಮಾದರಿಯಲ್ಲಿ ಮನೋಹರ ಶ್ಯಾಮ್ ಜೋಶಿ ಬರೆದ, ಪಿ. ಕುಮಾರ್ ವಾಸುದೇವ್ ನಿರ್ದೇಶಿಸಿದ ಆ ಕೆಳಮಧ್ಯಮ ವರ್ಗದ ಕುಟುಂಬದ ಕಥೆ ನೂರೈವತ್ತಕ್ಕೂ ಹೆಚ್ಚು ಕಂತು ನಡೆಯಿತು. ಅದರ ಸಂಗೀತ ಅನಿಲ್ ಬಿಸ್ವಾಸ್ ಅವರದು. ಹಿಂದಿ ಚಿತ್ರಸಂಗೀತದ ಹಿರಿಯರಾದ ಅವರು 1960ರ ದಶಕದಲ್ಲಿ ಮುಂಬೈ ತೊರೆದು ದೆಹಲಿಯ ಆಕಾಶವಾಣಿಗೆ ಬಂದು ವಾದ್ಯವೃಂದ ನಡೆಸಿದ್ದರು. ಪ್ರತಿ ಕಂತಿನ ಕೊನೆಗೆ ಬಂದು ಮಾತಾಡುತ್ತಿದ್ದವರು ನಟ ಅಶೋಕ್ ಕುಮಾರ್. 1943ರ ‘ಕಿಸ್ಮತ್’ ಚಿತ್ರದ ನಾಯಕ ಇವರು, ಸಂಗೀತ ಬಿಸ್ವಾಸರದು. ನಾಲ್ಕು ದಶಕದ ಮೇಲೆ ಒಬ್ಬರು ಕಂತಿನ ಬಾಗಿಲು ತೆರೆದರು, ಇನ್ನೊಬ್ಬರು ಮುಚ್ಚಿದರು.

ನಂತರದ ಐದಾರು ವರ್ಷದಲ್ಲಿ ಈ ಕಲೆ ಬೆಳೆದ ಪರಿ ಬೆರಗು ಹುಟ್ಟಿಸುತ್ತದೆ. 1988ರ ‘ಭಾರತ್ ಏಕ್ ಖೋಜ್’ನ ಶೀರ್ಷಿಕೆಗೆ ಶ್ಯಾಮ್ ಬೆನೆಗಲ್ ಆರಿಸಿಕೊಂಡದ್ದು ಋಗ್ವೇದದ ನಾಸದೀಯ ಸೂಕ್ತ. ಸೃಷ್ಟಿ ಹೇಗಾಯಿತು, ಬಲ್ಲವರು ಯಾರು ಎಂದು ಕೇಳುವ ಸೂಕ್ತವದು. ವನರಾಜ್ ಭಾಟಿಯಾ ಅದನ್ನು ಸಂಸ್ಕೃತದಲ್ಲೂ ವಸಂತ ದೇವ್ ಮಾಡಿದ ಹಿಂದಿ ರೂಪದಲ್ಲೂ ವೃಂದಗಾನವಾಗಿಸಿದರು. ಐದು ಸಾವಿರ ವರ್ಷದ ಚರಿತ್ರೆಯನ್ನು ಉತ್ತರದಿಂದಲ್ಲ, ಪ್ರಶ್ನೆಯಿಂದ ಆರಂಭಿಸಿದ ಈ ಆಯ್ಕೆ ಭಾರತೀಯ ಟಿ.ವಿ.ಯ ಅತ್ಯಂತ ಧೀರ ಆಯ್ಕೆಗಳಲ್ಲೊಂದು. ಅದೇ ವರ್ಷ ಅಕ್ಟೋಬರ್ 2ರಂದು ಆರಂಭವಾದ ಬಿ. ಆರ್. ಚೋಪ್ರಾ ಅವರ ‘ಮಹಾಭಾರತ’ ಬೇರೆ ದಾರಿ ಹಿಡಿಯಿತು. ಮಹೇಂದ್ರ ಕಪೂರ್ ಅವರ ಏರುದನಿ, ಅದರ ಬೆನ್ನಿಗೆ ‘ಕಾಲ’ವೇ ಮಾತಾಡುತ್ತಿರುವಂತೆ ಹರೀಶ್ ಭಿಮಾನಿಯವರ ಕಂಠ. ಅಲ್ಲಿಗೆ ಭಾನುವಾರದ ಬೀದಿ ಬರಿದು.

ಇವೆಲ್ಲದರ ನಡುವೆ ಕನ್ನಡ ನೆಲದಿಂದ ದೆಹಲಿಗೆ ಹೋಗಿ, ದೆಹಲಿಯಿಂದ ದೇಶಕ್ಕೆಲ್ಲ ಹರಡಿದ್ದು ‘ಮಾಲ್ಗುಡಿ ಡೇಸ್’. ಶಂಕರ್ ನಾಗ್ ಆಗುಂಬೆಯ ಮಳೆಯೂರಿನಲ್ಲಿ ಅದನ್ನು ಚಿತ್ರಿಸಿದರು. ಶೀರ್ಷಿಕೆಯಲ್ಲಿ ಮಾತ್ರ ಆಗುಂಬೆ ಇನ್ನೂ ಬರುವುದಿಲ್ಲ. ಮೊದಲು ಬರುವುದು ಆರ್. ಕೆ. ಲಕ್ಷ್ಮಣ್ ಅವರ ಗೆರೆ. ಅಣ್ಣ ಆರ್. ಕೆ. ನಾರಾಯಣ್ ಮಾತಿನಲ್ಲಿ ಕಟ್ಟಿದ ಊರಿಗೆ ತಮ್ಮ ಮುಖ ಕೊಟ್ಟರು. ಎಲ್. ವೈದ್ಯನಾಥನ್ ಕೊಟ್ಟ ಸಂಗೀತದಲ್ಲಿ ಸಾಹಿತ್ಯವೇ ಇಲ್ಲ, ಇರುವುದು ಬರಿಯ ಗುನುಗು. ಶಾಲೆಯಿಂದ ಚೀಲ ಬೀಸುತ್ತ ಮನೆಗೆ ಬರುವ ಹುಡುಗ ತನ್ನಷ್ಟಕ್ಕೆ ಹಾಡಿಕೊಳ್ಳುವಂಥದು. ಕಥೆ ಬರೆದದ್ದು ಇಂಗ್ಲಿಷಿನಲ್ಲಿ, ಪಾತ್ರಗಳು ಆಡಿದ್ದು ಹಿಂದಿಯಲ್ಲಿ, ಊರು ಮಲೆನಾಡಿನದು. ಈ ಮೂರನ್ನೂ ಜಗಳವಿಲ್ಲದೆ ಒಂದೇ ಜಗಲಿಯಲ್ಲಿ ಕೂರಿಸಿದ್ದು ಆ ಮಾತಿಲ್ಲದ ಗುನುಗು. ದೆಹಲಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದ ಕನ್ನಡ ಮನೆಗಳಿಗೆ ಅದು ಊರಿನ ದನಿ, ಪಕ್ಕದ ಮನೆಯ ಪಂಜಾಬಿಗೂ ಅದು ತನ್ನ ಬಾಲ್ಯದ ದನಿ. ವೈದ್ಯನಾಥನ್ ಅವರ ತಮ್ಮ, ಪಿಟೀಲು ವಿದ್ವಾಂಸ ಎಲ್. ಸುಬ್ರಹ್ಮಣ್ಯಂ, ಮುಂದೆ ದೂರದರ್ಶನದ ‘ಸುರಭಿ’ ಕಾರ್ಯಕ್ರಮಕ್ಕೆ ಶೀರ್ಷಿಕೆ ಸಂಗೀತ ಕೊಟ್ಟರು. ಒಂದೇ ಮನೆಯ ಇಬ್ಬರ ರಾಗ ಒಂದು ತಲೆಮಾರಿನ ಕಿವಿಯಲ್ಲಿ ಹಾಗೇ ಉಳಿದಿದೆ.

1990ರ ದಶಕದಲ್ಲಿ ಉಪಗ್ರಹ ವಾಹಿನಿಗಳು ಬಂದವು, ಕೈಗೆ ರಿಮೋಟ್ ಬಂತು. ಶೀರ್ಷಿಕೆ ಉದ್ದವಾದರೆ ನೋಡುಗ ಬೇರೆ ಕಡೆ ಹೋಗಿಬಿಡುತ್ತಾನೆಂಬ ಭಯವೂ ಬಂತು. ಕನ್ನಡದಲ್ಲಿ ಈ ಕಲೆ ಇನ್ನಷ್ಟು ಕಾಲ ಗಟ್ಟಿಯಾಗಿಯೇ ಉಳಿಯಿತು. 1998ರಲ್ಲಿ ಬೆಂಗಳೂರು ದೂರದರ್ಶನದಲ್ಲಿ ಬಂದ ಟಿ. ಎನ್. ಸೀತಾರಾಮ್ ಬಳಗದ ‘ಮಾಯಾಮೃಗ’ದ ಹಾಡು ಸಂಜೆಯ ಹೊತ್ತನ್ನೇ ತನ್ನದಾಗಿಸಿಕೊಂಡಿದ್ದನ್ನು ಆ ಕಾಲದವರು ಬಲ್ಲರು. 2017ರಲ್ಲಿ ನೆಟ್‌ಫ್ಲಿಕ್ಸ್ ಪೀಠಿಕೆಯನ್ನು ಹಾರಿಸಿಬಿಡುವ ಗುಂಡಿಯನ್ನೇ ತೆರೆಯ ಮೇಲೆ ತಂದಿತು. ಒಂದೇ ಕೂತಿನಲ್ಲಿ ಎಂಟು ಕಂತು ನೋಡುವವರಿಗೆ ಅದು ಅನುಕೂಲವೇ. ಆದರೆ ವಾರಕ್ಕೊಂದು ಕಂತಿಗೆ ಕಾದು ಕೂತವರಿಗೆ ಶೀರ್ಷಿಕೆ ಎಂಬುದು ಕಾಯುವಿಕೆ ಕೊನೆಗೊಂಡ ಕ್ಷಣ. ಅದನ್ನು ಹಾರಿಸುವ ಯೋಚನೆಯೇ ಅವರಿಗೆ ಹೊಳೆಯುತ್ತಿರಲಿಲ್ಲ.

2020ರ ಮಾರ್ಚ್ 28ರಂದು, ಲಾಕ್‌ಡೌನಿನ ಮೊದಲ ವಾರದಲ್ಲಿ, ದೂರದರ್ಶನ ‘ರಾಮಾಯಣ’ವನ್ನು ಮತ್ತೆ ಹಾಕಿತು. ರವೀಂದ್ರ ಜೈನ್ ಅವರ ಸಂಗೀತ ಮೂರು ದಶಕದ ಮೇಲೆ ಮತ್ತೊಮ್ಮೆ ಏಕಕಾಲಕ್ಕೆ ಲಕ್ಷಾಂತರ ಮನೆಗಳಲ್ಲಿ ಕೇಳಿಸಿತು. ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿ ತನ್ನ ಹಳೆಯ ಕಾರ್ಯಕ್ರಮಗಳನ್ನು ಅಂತರ್ಜಾಲಕ್ಕೂ ಏರಿಸುತ್ತಿದೆ. ಅದು ಒಳ್ಳೆಯ ಕೆಲಸ, ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು. ಶೀರ್ಷಿಕೆಗೆ ಗೆರೆ ಎಳೆದವರು, ಅಕ್ಷರ ಬರೆದವರು, ಕ್ಯಾಮೆರಾದಡಿ ಕಾಗದ ತಿರುಗಿಸಿದವರು, ಕೋರಸ್ಸಿನಲ್ಲಿ ಹಾಡಿದವರು ಯಾರೆಂಬುದನ್ನು ಒಂದೊಂದಕ್ಕೂ ದಾಖಲಿಸಬೇಕು. ಅವರಲ್ಲಿ ಹಲವರಿಗೆ ಈಗ ವಯಸ್ಸಾಗಿದೆ. ಕೇಳಿ ಬರೆದಿಟ್ಟುಕೊಳ್ಳುವ ಕೆಲಸ ಈ ವರ್ಷವೇ ಶುರುವಾಗಲಿ.