ಕಡಲ್ಗಳ್ಳನ ಫೈಲೂ ಕಾಣೆಯಾಗಿತ್ತು



ಫೈಲು ಕಾಣೆಯಾದರೆ ಏನಾಗುತ್ತೆ ಅಂತ ಗುಮಾಸ್ತನಾದ ನನಗೆ ಚೆನ್ನಾಗಿ ಗೊತ್ತು. ಆದ್ರೆ ಫೈಲು ಸಿಗದೆ ಒಬ್ಬ ನೇಣಿಗೇರಿದ ಕತೆ ಗೊತ್ತಾ? ಅದರಲ್ಲಿ ನಮ್ಮ ಕಾರವಾರವೂ ಬರುತ್ತೆ.

ಯುದ್ಧ ಬಂದಾಗ ಯುರೋಪಿನ ರಾಜರು ಖಾಸಗಿ ಹಡಗಿನವರಿಗೆ ಪರವಾನಗಿ ಕೊಡ್ತಿದ್ರು. ಶತ್ರು ದೇಶದ ಹಡಗು ಹಿಡಿಯಿರಿ, ಕೋರ್ಟಿಗೆ ತೋರಿಸಿ, ಕೋರ್ಟು ಒಪ್ಪಿದರೆ ಮಾರಿ ಹಂಚಿಕೊಳ್ಳಿ ಅಂತ. ಕಾಗದ ಇದ್ದವನು ರಾಜಸೇವಕ, ಇಲ್ಲದವನು ಕಡಲ್ಗಳ್ಳ. ಇಬ್ಬರ ಕೆಲಸವೂ ಒಂದೇ!

1696ರಲ್ಲಿ ವಿಲಿಯಂ ಕಿಡ್ ಅನ್ನೋನು ಇಂಗ್ಲೆಂಡ್ ರಾಜನ ಪರವಾನಗಿ ಹಿಡಿದು ಹೊರಟ. ಫ್ರೆಂಚರ ಹಡಗುಗಳನ್ನೂ ಕಡಲ್ಗಳ್ಳರನ್ನೂ ಹಿಡಿಯಬೇಕಿತ್ತು. ಬಂಡವಾಳ ಹಾಕಿದವರಲ್ಲಿ ರಾಜನ ಮಂತ್ರಿಗಳೇ ಇದ್ದರು, ಲಾಭದಲ್ಲಿ ರಾಜನಿಗೂ ಪಾಲು. ನಾವಿಕರಿಗೋ ಬೇಟೆ ಸಿಕ್ಕರೆ ಪಾಲು, ಇಲ್ಲದಿದ್ರೆ ಬರಿಗೈ.

1697ರಲ್ಲಿ ಅವನು ನೀರು, ಸೌದೆಗೆಂದು ಕಾರವಾರಕ್ಕೆ ಬಂದ. ಅಲ್ಲಿ ಹಡಗು ಬಿಟ್ಟು ಓಡಿದ ಅವನ ಆಳುಗಳು ಈಸ್ಟ್ ಇಂಡಿಯಾ ಕಂಪನಿಯವರಿಗೆ, ಇವನು ದರೋಡೆಗೇ ಹೊರಟವನು ಅಂತ ಹೇಳಿದರು. 1698ರ ಜನವರಿಯಲ್ಲಿ ಕೇರಳದ ಕಡಲಲ್ಲಿ ಕಿಡ್ 'ಕ್ವೆಡಾ ಮರ್ಚೆಂಟ್' ಹಡಗು ಹಿಡಿದ. ಸರಕು ಅರ್ಮೇನಿಯನ್ ವ್ಯಾಪಾರಿಗಳದ್ದು, ಆದರೆ ಹಡಗಲ್ಲಿ ಫ್ರೆಂಚರ ರಹದಾರಿ ಇತ್ತು. ಹಾಗಾಗಿ ಇದು ಶತ್ರು ಹಡಗು ಅನ್ನೋದು ಅವನ ವಾದ. ಮೊಗಲರು ಸಿಟ್ಟಾದರು, ಕಂಪನಿಯ ವ್ಯಾಪಾರಕ್ಕೆ ಕುತ್ತು ಬಂತು.

ಲಂಡನ್ನಿನ ವಿಚಾರಣೆಯಲ್ಲಿ ಕಿಡ್, ನಾನು ಒಪ್ಪಿಸಿದ ರಹದಾರಿ ತೋರಿಸಿ ಅಂತ ಕೇಳಿದ. ಅದು ಸಿಗಲೇ ಇಲ್ಲ. 1701ರ ಮೇ 23ರಂದು ನೇಣು. ಅವನೇನೂ ಸಾಚಾ ಅಲ್ಲ, ತನ್ನದೇ ಹಡಗಿನ ಒಬ್ಬನನ್ನ ಹೊಡೆದು ಕೊಂದಿದ್ದ. ಆದ್ರೆ ಬಂಡವಾಳ ಹಾಕಿದ ಮಂತ್ರಿಗಳಿಗೆ ಶಿಕ್ಷೆ ಆಗಲಿಲ್ಲ. ಇನ್ನೂರು ವರ್ಷ ಕಳೆದ ಮೇಲೆ ಆ ರಹದಾರಿ ಸಿಕ್ಕಿದ್ದು ಎಲ್ಲಿ? ಲಂಡನ್ನಿನ ಸರ್ಕಾರಿ ದಫ್ತರದಲ್ಲೇ!

1856ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ದೇಶಗಳು ಇಂಥ ಪರವಾನಗಿಯನ್ನ ರದ್ದು ಮಾಡಿದವು. ಕಾಗದದ ಆಟ ಮಾತ್ರ ನಿಂತಿಲ್ಲ.

ನಮ್ಮ ಎಮ್ಮೆದೊಡ್ಡಿ ಕಡೆ ಕಡಲಿಲ್ಲ, ಬಗರ್ ಹುಕುಂ ಇದೆ. ಬಗರ್ ಹುಕುಂ ಅಂದ್ರೆ ಅಪ್ಪಣೆ ಇಲ್ಲದೆ ಅಂತ. ಅಪ್ಪ ಕಲ್ಲು ಆಯ್ದು ಉತ್ತ ಎರಡು ಎಕರೆಗೆ ಫಾರಂ 53 ಹಾಕಿದ್ದ. ಕೇಳಿದಾಗೆಲ್ಲಾ 'ಕಡತ ಲಭ್ಯವಿಲ್ಲ' ಅಂದರು. ಅಪ್ಪ ಒತ್ತುವರಿದಾರ ಅನ್ನಿಸಿಕೊಂಡೇ ಸತ್ತ.

ಅದಕ್ಕೇ ಹೇಳ್ತೀನಿ: ಅರ್ಜಿ ಕೊಟ್ಟಾಗ ಸ್ವೀಕೃತಿ ತಗೊಳ್ಳಿ, ಸೀಲು ಹಾಕಿಸಿ, ಜೆರಾಕ್ಸ್ ಮನೇಲಿಡಿ. ನಮ್ಮ ಕಾಗದವನ್ನ ಅವರ ಬೀರುವಿನಲ್ಲಿ ಮಾತ್ರ ಬಿಡಬೇಡಿ.

ಜೈ ಭೀಮ್.