ಒಂದೇ ಸೀಟಿನ ಗಾಡಿ

ಕೊಡಗಿಗೆ ರೈಲಿಲ್ಲ. ಮಳೆಗಾಲದ ರಾತ್ರಿ ಸೋಮವಾರಪೇಟೆಯಿಂದ ಮಡಿಕೇರಿ ಆಸ್ಪತ್ರೆಗೆ ಹೋಗಬೇಕೆಂದರೆ ಮನೆಯಲ್ಲೊಂದು ಕೈಕೊಡದ ಕಾರು ಬೇಕು. ನಮ್ಮ ಚಿಕ್ಕಪ್ಪನ ಎಡಗಾಲಿಗೆ ಪೋಲಿಯೊ. ಕ್ಲಚ್ ತುಳಿಯೋಕಾಗಲ್ಲ. ಅವರಿಗೆ ಕಾರು ಹುಡುಕುತ್ತಾ ಈ ಚರಿತ್ರೆ ಕೆದಕಿದೆ.

ಬ್ರಿಟನ್ನಿನಲ್ಲಿ ಹಿಂದೆ ಸರ್ಕಾರವೇ ಅಂಗವಿಕಲರಿಗೆ ಇನ್ವಾಕಾರ್ ಅನ್ನೋ ಮೂರು ಚಕ್ರದ ನೀಲಿ ಗಾಡಿ ಕೊಡುತ್ತಿತ್ತು. ಸೀಟು ಒಂದೇ! ಹೆಂಡತಿ ಮಕ್ಕಳನ್ನು ಕೂರಿಸುವಂತಿಲ್ಲ. 1977ರಲ್ಲಿ ಮೋಟಬಿಲಿಟಿ ಯೋಜನೆ ಶುರುವಾಯ್ತು. ಸರ್ಕಾರ ಕೊಡುವ ಓಡಾಟದ ಭತ್ಯೆಯನ್ನೇ ಬಾಡಿಗೆಯಾಗಿ ಕಟ್ಟಿದರೆ ಮಾಮೂಲಿ ಕುಟುಂಬದ ಕಾರು ಸಿಗುತ್ತೆ. ವಿಮೆ, ಸರ್ವೀಸು, ರಿಪೇರಿ ಎಲ್ಲ ಅದರಲ್ಲೇ.

ನಮ್ಮಲ್ಲಿ? 1988ರ ಮೋಟಾರು ವಾಹನ ಕಾಯ್ದೆ ಇಂಥ ಗಾಡಿಯನ್ನು ‘ಇನ್‌ವ್ಯಾಲಿಡ್ ಕ್ಯಾರೇಜ್’ ಅಂತ ಕರೆಯಿತು. 2019ರ ತಿದ್ದುಪಡಿಯಲ್ಲಿ ಅದು ‘ಅಡಾಪ್ಟೆಡ್ ವೆಹಿಕಲ್’ ಆಯ್ತು. ಹೆಸರು ಬದಲಾಯ್ತು, ಅಂಥವರಿಗಾಗಿ ಮಾತ್ರ ಬಳಸಬೇಕು ಅನ್ನೋ ಮಾತು ಉಳಿಯಿತು. ಸರ್ಕಾರ ಕೊಡುವುದು ಪಕ್ಕದಲ್ಲಿ ಚಕ್ರ ಜೋಡಿಸಿದ ಸ್ಕೂಟರು. ಕಾರಿಗೆ ಇದ್ದದ್ದು ತೆರಿಗೆ ರಿಯಾಯಿತಿ: ಸಣ್ಣ ಕಾರಿಗೆ ಶೇ. 28ರ ಬದಲು ಶೇ. 18 ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳಿಗೆಲ್ಲ ಶೇ. 18 ಆದ್ದರಿಂದ ಆ ವ್ಯತ್ಯಾಸವೂ ಹೋಯ್ತು.

ನಿಜಕ್ಕೂ ದಾರಿ ತೆರೆದದ್ದು 2014ರಲ್ಲಿ ಬಂದ ಮಾರುತಿ ಸೆಲೆರಿಯೊ. ಕಡಿಮೆ ಬೆಲೆಗೆ ಎಎಂಟಿ ಗೇರು, ಕ್ಲಚ್ ಪೆಡಲೇ ಇಲ್ಲ. ಆಮೇಲೆ ಬೇರೆ ಸಣ್ಣ ಕಾರುಗಳಲ್ಲೂ ಬಂತು. ಆದರೆ ಇಲ್ಲಿ ಕೆಟ್ಟರೆ ಖರ್ಚು ನಮ್ಮದೇ. ಅದಕ್ಕೇ ನಾನು ಬಣ್ಣಕ್ಕಿಂತ ಮೊದಲು ಕೇಳಿದ್ದು, ಬಿಡಿಭಾಗ ಕುಶಾಲನಗರದಲ್ಲಿ ಸಿಗುತ್ತಾ ಅಂತ.

ಚಿಕ್ಕಪ್ಪ ಕೇಳಿದ್ದು ಒಂದೇ: “ಎಲ್ಲರೂ ಹಿಡಿಸ್ತೀರಾ ನೋಡು. ಓಡಿಸೋದು ನಾನು.”