ಎರೆ ನೆಲದ ಒಲೆಯಲ್ಲಿ ಇಡೀ ಬಾತುಕೋಳಿ

ಇಡೀ ಬಾತುಕೋಳಿಯನ್ನು ಮನೆಯಲ್ಲೇ ಬೇಯಿಸುವುದೆಂದರೆ ಓವನ್ ಇರುವವರ ಕೆಲಸ, ಚೀನಾದವರದೋ ಫ್ರಾನ್ಸಿನವರದೋ ಅಡುಗೆ, ನಮ್ಮ ಕಡೆಗೆ ಒಗ್ಗುವಂಥದ್ದಲ್ಲ ಎಂಬ ಭಾವನೆ ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಸೀಮೆಯಲ್ಲಿ ಗಟ್ಟಿಯಾಗಿದೆ. ಇಲ್ಲಿ ಮಾಂಸದ ಅಡುಗೆ ಎಂದರೆ ತುಂಡು ಮಾಡಿದ ಮಾಂಸ, ಅದಕ್ಕೊಂದು ಸಾರು, ಜೊತೆಗೆ ಜೋಳದ ರೊಟ್ಟಿ. ಇಡಿಯಾಗಿ ಬೆಂದ ಹಕ್ಕಿ ಹೋಟೆಲಿನ ಅಲಂಕಾರದ ತಟ್ಟೆಯಲ್ಲಿ ಮಾತ್ರ ಕಾಣುವ ವಸ್ತು. ಆದರೆ ಈ ನೆಲದ ಅಡುಗೆಯ ಚರಿತ್ರೆಯನ್ನು ನಿಧಾನವಾಗಿ ನೋಡಿದರೆ ಈ ತೀರ್ಮಾನದಲ್ಲಿ ಅರ್ಧ ಮಾತ್ರ ನಿಜ ಎನ್ನಬೇಕಾಗುತ್ತದೆ. ಬಾತುಕೋಳಿ ಇಲ್ಲಿಗೆ ಹೊಸದು, ಒಪ್ಪೋಣ. ಪ್ರಾಣಿಯನ್ನು ಇಡಿಯಾಗಿ ಬೆಂಕಿಗೊಡ್ಡಿ ಹದಗೊಳಿಸುವ ಕಸುಬು ಮಾತ್ರ ಹೊಸದಲ್ಲ. ಅದಕ್ಕೆ ಸುಮಾರು 900 ವರ್ಷದ ಲಿಖಿತ ಸಾಕ್ಷ್ಯವಿದೆ, ಮತ್ತು ಅದರ ಮುಖ್ಯ ಹಂತಗಳು ಇಂದಿಗೂ ಹಳ್ಳಿಯ ಅಂಗಳದಲ್ಲಿ ಉಳಿದಿವೆ.

ಮೊದಲು ಬಾತುಕೋಳಿ ಇಲ್ಲಿ ಏಕೆ ಬೇರೂರಲಿಲ್ಲ ಎಂಬುದನ್ನು ನೋಡೋಣ. ಸಾಕು ಬಾತುಗಳು ನೀರನ್ನೂ ಗದ್ದೆಯನ್ನೂ ನಂಬಿದ ಜೀವ. ಕೇರಳದ ಕುಟ್ಟನಾಡಿನಲ್ಲಿ ಚಾರ, ಚೆಂಬಲ್ಲಿ ಎಂಬ ನಾಡತಳಿಗಳನ್ನು ಸಾವಿರಗಟ್ಟಲೆ ಹಿಂಡುಗಳಲ್ಲಿ ಕೊಯ್ಲಾದ ಭತ್ತದ ಗದ್ದೆಗಳಿಗೆ ಹೊಡೆದುಕೊಂಡು ಹೋಗಿ ಮೇಯಿಸುತ್ತಾರೆ. ಬಿದ್ದ ಕಾಳು, ಹುಳು, ಬಸವನಹುಳುಗಳೇ ಅವುಗಳ ಮೇವು. ಹಾವೇರಿ ಜಿಲ್ಲೆಯಲ್ಲಿ ಹಾನಗಲ್ಲಿನ ಕಡೆ ಭತ್ತವಿದ್ದರೂ ರಾಣೆಬೆನ್ನೂರು, ಬ್ಯಾಡಗಿಗಳ ಬಹುಪಾಲು ನೆಲ ಜೋಳ, ಹತ್ತಿ, ಮೆಣಸಿನಕಾಯಿ, ಈಚೆಗೆ ಗೋವಿನಜೋಳ ಬೆಳೆಯುವ ಒಣಬೇಸಾಯದ್ದು. ಇನ್ನೊಂದು ಅಡ್ಡಿ ಬಾತಿನ ಸ್ವಭಾವದಲ್ಲೇ ಇದೆ. ಹೆಚ್ಚು ಮೊಟ್ಟೆ ಇಡುವ ಸಾಕುತಳಿಗಳು ಕಾವಿಗೆ ಕೂರುವುದು ಅಪರೂಪ. ಅವುಗಳ ಮೊಟ್ಟೆ ಮರಿಯಾಗಲು ಕೋಳಿಮೊಟ್ಟೆಯ 21 ದಿನಕ್ಕೆ ಬದಲು 28 ದಿನ ಬೇಕು. ಹಿತ್ತಲಿನ ಜವಾರಿ ಕೋಳಿ ತಾನೇ ಕಾವು ಕೂತು, ತಿಪ್ಪೆ ಕೆದರಿ, ಖರ್ಚಿಲ್ಲದೆ ಮರಿಗಳನ್ನು ಸಾಕಿಕೊಳ್ಳುವಾಗ ಒಣನೆಲದ ರೈತ ಬಾತನ್ನು ಆರಿಸಿಕೊಳ್ಳಲು ಕಾರಣವೇ ಇರಲಿಲ್ಲ. ಬಾತು ಬಾರದಿದ್ದುದಕ್ಕೆ ಕಾರಣ ನೆಲ ಮತ್ತು ನೀರು. ಅಡುಗೆಯವರ ಕೈಯಲ್ಲಿ ಯಾವ ಕೊರತೆಯೂ ಇರಲಿಲ್ಲ.

ಹಾಗಾದರೆ ಜವಾರಿ ಕೋಳಿಯನ್ನಾದರೂ ಇಡಿಯಾಗಿ ಬೇಯಿಸುವ ಪದ್ಧತಿ ಏಕೆ ಬೆಳೆಯಲಿಲ್ಲ? ಇದಕ್ಕೆ ಉತ್ತರ ರೊಟ್ಟಿಯಲ್ಲಿದೆ, ಉರುವಲಿನಲ್ಲಿದೆ. ಜೋಳದ ರೊಟ್ಟಿಗೆ ನೆಂಚಿಕೊಳ್ಳಲು ರಸ ಬೇಕು. ಒಂದು ಕೋಳಿ ಹತ್ತು ಮಂದಿಯ ಕೂಡುಕುಟುಂಬಕ್ಕೆ ಸಾಲಬೇಕಾದರೆ ಅದನ್ನು ಸಣ್ಣ ತುಂಡು ಮಾಡಿ ನೀರಿನಲ್ಲಿ ಅದರ ಸಾರವನ್ನೆಲ್ಲ ಇಳಿಸುವುದೇ ಜಾಣತನ. ಇನ್ನು ಬೆಂಕಿ: ಹತ್ತಿಯ ಕಡ್ಡಿ, ಜೋಳದ ಕೊಯ್ಲೆ ಭಗ್ಗನೆ ಉರಿದು ಬೇಗ ಆರುತ್ತವೆ. ತುಂಡು ಮಾಂಸ ಅಂಥ ಉರಿಗೆ ಒಗ್ಗುತ್ತದೆ. ಇಡೀ ಹಕ್ಕಿಗೆ ಗಂಟೆಗಟ್ಟಲೆ ನಿಲ್ಲುವ ಕೆಂಡ ಬೇಕು. ಆದರೂ ಕೋಳಿ ಇಲ್ಲಿ ಇಡಿಯಾಗಿ ಬೆಂಕಿಯನ್ನು ಕಾಣದೆ ಗಡಿಗೆಗೆ ಇಳಿಯುವುದಿಲ್ಲ. ಪುಕ್ಕ ಕಿತ್ತ ಕೋಳಿಯನ್ನು ಉರಿಯ ಮೇಲೆ ತಿರುಗಿಸಿ ಸುಟ್ಟು, ಅರಿಶಿನ ಹಚ್ಚಿ ತಿಕ್ಕಿ ತೊಳೆದು, ಆಮೇಲಷ್ಟೇ ಕತ್ತರಿಸುವುದು ಕ್ರಮ. ಚರ್ಮ ಸುಲಿದ ಕೋಳಿಗೆ ರುಚಿಯಿಲ್ಲ ಎಂದು ಹಳ್ಳಿಯವರು ಹೇಳುವುದು ಈ ಸುಟ್ಟ ಚರ್ಮದ ಘಮವನ್ನು ನೆನೆದೇ. ಇಡೀ ಹಕ್ಕಿಯ ಅಡುಗೆಯ ಮೊದಲ ಪಾಠ ಇದೇ: ಚರ್ಮವನ್ನು ಉಳಿಸಿಕೊಳ್ಳಬೇಕು, ಬೆಂಕಿಯಿಂದ ಅದನ್ನು ಹದಗೊಳಿಸಬೇಕು.

ಈ ಪಾಠ ಎಷ್ಟು ಹಳೆಯದು ಎಂಬುದಕ್ಕೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಸಾಕ್ಷಿ. ಅದರ ಅನ್ನಭೋಗದ ಭಾಗದಲ್ಲಿ ಹಂದಿಯ ಅಡುಗೆ ಬರುತ್ತದೆ. ಬಿಳಿಬಟ್ಟೆ ಹೊದಿಸಿ ಕುದಿನೀರು ಸುರಿದು ಕೂದಲು ಕೀಳುವುದು ಒಂದು ಕ್ರಮ. ಹುಲ್ಲಿನ ಬೆಂಕಿಯಲ್ಲಿ ಕೂದಲು ಸುಡುವುದು ಇನ್ನೊಂದು. ಅನಂತರ ಇಡೀ ಪ್ರಾಣಿಯನ್ನು ಬೆಂಕಿಯಲ್ಲಿ ಸುಟ್ಟು, ಆಮೇಲೆ ಕತ್ತರಿಸಿ ಮತ್ತೆ ಪಾಕ ಮಾಡುತ್ತಾರೆ. ಆಮೆಯನ್ನು ಸುಡುವ, ಹೊಲದ ಇಲಿಯನ್ನು ಕಾದ ಎಣ್ಣೆಯಲ್ಲಿಯೋ ಕಬ್ಬಿಣದ ಸರಳಿನ ಮೇಲೋ ಹದಗೊಳಿಸುವ ವಿವರಗಳೂ ಅಲ್ಲಿವೆ. ಕಾರಕ್ಕೆ ಕರಿಮೆಣಸು, ಶುಂಠಿ. ಘಮಕ್ಕೆ ಇಂಗು, ಜೀರಿಗೆ. ಮೇಲೆ ಹುಳಿ, ಉಪ್ಪು. ಹುಲ್ಲಿನ ಬೆಂಕಿಯಲ್ಲಿ ಸುಡು, ತೊಳೆ, ಬೇಯಿಸು, ಮತ್ತೆ ಹುರಿ ಎಂಬ ಈ ಸರಣಿಗೂ ಇಂದಿನ ಜವಾರಿ ಕೋಳಿಯ ಸರಣಿಗೂ ಇರುವ ಹೋಲಿಕೆ ಆಕಸ್ಮಿಕವೆನ್ನಲು ಸಾಧ್ಯವಿಲ್ಲ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು, ಅದು ರಾಜನ ಊಟ. ರಾಣೆಬೆನ್ನೂರಿನ ಒಕ್ಕಲಿಗೂ ಅದಕ್ಕೂ ಏನು ಸಂಬಂಧ ಎಂಬುದು. ರಾಜನ ತಟ್ಟೆಯ ಮಸಾಲೆ, ಪರಿಮಳದ್ರವ್ಯಗಳು ಒಕ್ಕಲಿನ ಮನೆಗೆ ಬಂದಿರಲಿಕ್ಕಿಲ್ಲ. ಆದರೆ ಹೊಲದ ಇಲಿ, ಹೊಳೆಯ ಆಮೆ, ಹುಲ್ಲಿನ ಬೆಂಕಿ ಇವು ಅರಮನೆಯಲ್ಲಿ ಹುಟ್ಟಿದವಲ್ಲ. ಬೇಟೆಗಾರರ, ಬೆಸ್ತರ, ಹೊಲದಲ್ಲಿ ದುಡಿಯುವವರ ಕೈಯ ಜಾಣ್ಮೆಯೇ ಅಲ್ಲಿ ಶ್ಲೋಕದ ರೂಪ ಪಡೆದಿದೆ. ಜೊತೆಗೆ, ವರದಾ–ತುಂಗಭದ್ರಾ ಸಂಗಮದ ಗಳಗನಾಥ, ಹೊಳೆದಂಡೆಯ ಚೌಡದಾನಪುರಗಳ ದೇವಾಲಯಗಳು ಇಂದಿಗೂ ತೋರಿಸುವಂತೆ ಈ ಸೀಮೆ ಚಾಲುಕ್ಯ ನಾಡಿನ ಒಳಭಾಗವೇ ಆಗಿತ್ತು. ಎರಡನೆಯ ಆಕ್ಷೇಪ, ಕನ್ನಡದ ಹಳೆಯ ಪಾಕಗ್ರಂಥಗಳಲ್ಲಿ ಮಾಂಸವೇ ಇಲ್ಲವಲ್ಲ ಎಂಬುದು. ಇದು ತೂಕದ ಮಾತು. ಇಮ್ಮಡಿ ಚಾವುಂಡರಾಯನ 1025ರ ‘ಲೋಕೋಪಕಾರ’ದ ಅಡುಗೆಯ ಭಾಗವಾಗಲಿ, ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವಾಗಲಿ ಸಸ್ಯಾಹಾರವನ್ನಷ್ಟೇ ಹೇಳುತ್ತವೆ. ಜೈನ, ವೀರಶೈವ ಸಂಪ್ರದಾಯಗಳು ಈ ಸೀಮೆಯ ಅಡುಗೆಯನ್ನು ಆಳವಾಗಿ ರೂಪಿಸಿದವು. ಅದರ ಹಿರಿಮೆಯನ್ನು ಕಡಿಮೆ ಮಾಡಬೇಕಾಗಿಲ್ಲ. ಆದರೆ ಬರೆದವರ ಅಡುಗೆ ಎಲ್ಲರ ಅಡುಗೆಯಾಗಿರಲಿಲ್ಲ. ಗ್ರಂಥದ ಮೌನವನ್ನೇ ಜನಜೀವನದ ಗೈರುಹಾಜರಿ ಎಂದು ಓದಿದರೆ ಜಾತ್ರೆ, ಬ್ಯಾಟಿಗಳಲ್ಲಿ ಉಂಡ ಸಮುದಾಯಗಳ ಚರಿತ್ರೆಯನ್ನೇ ಅಳಿಸಿದಂತಾಗುತ್ತದೆ.

ಇಡೀ ಹಕ್ಕಿಯ ಇನ್ನೊಂದು ಪರಂಪರೆ ಬಂದದ್ದು ಮುಸ್ಲಿಂ ಅರಮನೆಗಳ ದಾರಿಯಿಂದ. ಹದಿನಾರನೆಯ ಶತಮಾನದ ಕೊನೆಯ ‘ಐನ್-ಇ-ಅಕ್ಬರಿ’ಯಲ್ಲಿ ಕೋಳಿಯ ಎಲುಬುಗಳನ್ನು ಕುತ್ತಿಗೆಯ ಕಡೆಯಿಂದ ತೆಗೆದು, ದೇಹವನ್ನು ಇಡಿಯಾಗಿಯೇ ಉಳಿಸಿ, ಒಳಗೆ ಕೊಚ್ಚಿದ ಮಾಂಸ ತುಂಬುವ ಅಡುಗೆಯೊಂದಿದೆ. 1686ರಲ್ಲಿ ವಿಜಾಪುರ ಔರಂಗಜೇಬನ ವಶವಾದ ಮೇಲೆ ಬಂಕಾಪುರ, ಸವಣೂರುಗಳ ಪಠಾಣ ನವಾಬರು ಮೊಘಲರ ಅಧೀನಕ್ಕೆ ಬಂದರು. ಸವಣೂರು ಸಂಸ್ಥಾನ 1948ರವರೆಗೆ ಉಳಿಯಿತು. ಎರಡೂ ಊರು ಇಂದು ಹಾವೇರಿ ಜಿಲ್ಲೆಯಲ್ಲೇ ಇವೆ. ಈ ಪರಂಪರೆಯ ಅಡುಗೆಯಲ್ಲಿ ಮುಖ್ಯವಾದದ್ದು ದಮ್: ಬಾಯಿ ಮುಚ್ಚಿದ ದಪ್ಪ ಪಾತ್ರೆ, ಕೆಳಗೆ ಸಣ್ಣ ಉರಿ, ಮುಚ್ಚಳದ ಮೇಲೆ ಕೆಂಡ. ಓವನ್ ಮಾಡುವ ಕೆಲಸವನ್ನೇ ಈ ಪಾತ್ರೆ ಮಾಡುತ್ತದೆ. ಬಾತುಕೋಳಿಗೆ ಪ್ರಸಿದ್ಧವಾದ ಚೀನಾದಲ್ಲೂ ಸುಟ್ಟ ಬಾತು ಅಂಗಡಿಯ ಕುಲುಮೆಯಿಂದ ಬರುವಂಥದ್ದು. ಮನೆಗಳಲ್ಲಿ ಇಡೀ ಬಾತನ್ನು ಗಡಿಗೆಯಲ್ಲಿ ಬೇಯಿಸುವುದು, ಹಬೆಯಲ್ಲಿಡುವುದೇ ರೂಢಿ. ನಾನ್‌ಜಿಂಗ್ ನಗರದ ಹೆಸರಾಂತ ಉಪ್ಪುನೀರಿನ ಬಾತು ಸುಟ್ಟದ್ದಲ್ಲ, ನೀರಿನಲ್ಲಿ ಬೇಯಿಸಿದ್ದು. ಓವನ್ ಇಲ್ಲದೆ ಇಡೀ ಬಾತು ಆಗದು ಎಂಬ ವಾದಕ್ಕೆ ಇಲ್ಲಿ ಆಧಾರ ಉಳಿಯುವುದಿಲ್ಲ.

ಇನ್ನು, ಹೊರಗಿನ ಹಕ್ಕಿ ನಮ್ಮ ಅಡುಗೆಯಾದೀತೇ ಎಂಬ ಪ್ರಶ್ನೆ. ಇದಕ್ಕೆ ಬ್ಯಾಡಗಿಯೇ ಉತ್ತರ. ಸೋಮೇಶ್ವರನ ಅಡುಗೆಯಲ್ಲಿ ಮೆಣಸಿನಕಾಯಿ ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ. ಅಮೆರಿಕ ಖಂಡದ ಈ ಬೆಳೆ ಪೋರ್ಚುಗೀಸರ ಹಡಗುಗಳಲ್ಲಿ ಪಶ್ಚಿಮ ಕರಾವಳಿಗೆ ಬಂದು ಘಟ್ಟ ಹತ್ತಿತು. ಎರೆಮಣ್ಣಿನಲ್ಲಿ ಅದು ತನ್ನದೇ ಗುಣ ಪಡೆಯಿತು: ಸುಕ್ಕುಗಟ್ಟಿದ ಮೈ, ಕಡಿಮೆ ಕಾರ, ಗಾಢವಾದ ಕೆಂಪು. ಡಬ್ಬಿ, ಕಡ್ಡಿ ಎಂಬ ತಳಿಗಳ ಈ ಬೆಳೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಕಡಲಾಚೆಯಿಂದ ಬಂದ ಕಾಯಿಯೊಂದು ಊರಿನ ಹೆಸರನ್ನೇ ಹೊತ್ತು ಲೋಕಕ್ಕೆಲ್ಲ ಹೋಗುತ್ತಿರುವಾಗ, ಹೊಸ ಹಕ್ಕಿಯನ್ನು ಪರಕೀಯವೆಂದು ದೂರವಿಡುವುದು ಚರಿತ್ರೆಗೆ ಒಪ್ಪುವ ಮಾತಲ್ಲ.

ಬಾತು ಕೋಳಿಯಂತಲ್ಲ ಎಂಬ ಎಚ್ಚರಿಕೆ ಮಾತ್ರ ಸರಿಯಾದದ್ದೇ. ಅದರ ಚರ್ಮದಡಿ ದಪ್ಪ ಕೊಬ್ಬಿದೆ, ಪುಕ್ಕ ಎಣ್ಣೆಯಿಂದ ನೀರನ್ನು ತಡೆಯುತ್ತದೆ, ಬಾಲದ ಬುಡದ ಎಣ್ಣೆಗ್ರಂಥಿ ಉಳಿದರೆ ವಾಸನೆ ಹಿಡಿಯುತ್ತದೆ. ಆದರೆ ಈ ಮೂರಕ್ಕೂ ಪರಿಹಾರ ಮೇಲೆ ಕಂಡ ಪರಂಪರೆಯಲ್ಲೇ ಇದೆ. ಬಿಸಿನೀರು ಪುಕ್ಕದ ಬುಡ ಮುಟ್ಟುವಂತೆ ಚೆನ್ನಾಗಿ ಅದ್ದಿ ಕಿತ್ತು, ಉಳಿದ ನವಿರನ್ನು ಉರಿಯಲ್ಲಿ ಸುಟ್ಟು, ಗ್ರಂಥಿ ಕತ್ತರಿಸಿ ತೆಗೆದು, ಅರಿಶಿನದಿಂದ ತಿಕ್ಕಬೇಕು. ಮಾಂಸಕ್ಕೆ ತಾಗದಂತೆ ಚರ್ಮವನ್ನಷ್ಟೇ ಅಲ್ಲಲ್ಲಿ ಚುಚ್ಚಿ, ಶುಂಠಿ, ಬೆಳ್ಳುಳ್ಳಿ, ಉಪ್ಪು ಹಾಕಿದ ನೀರಿನಲ್ಲಿ ಸಣ್ಣ ಉರಿಯಲ್ಲಿ ಸುಮಾರು ಒಂದು ಗಂಟೆ ಬೇಯಿಸಿದರೆ ಕೊಬ್ಬು ಕರಗಿ ಮೇಲೆ ತೇಲುತ್ತದೆ. ಅದನ್ನು ತೆಗೆದಿಟ್ಟರೆ ಒಗ್ಗರಣೆಗೆ ಬರುತ್ತದೆ. ಹಕ್ಕಿಯ ತೇವ ಆರಿದ ಮೇಲೆ ನೆನೆಸಿ ಅರೆದ ಬ್ಯಾಡಗಿ ಮೆಣಸಿನಕಾಯಿ, ಕರಿಮೆಣಸು, ಜೀರಿಗೆ, ಹುಣಸೆಹುಳಿ ಸವರಿ, ದಪ್ಪ ತಳದ ಪಾತ್ರೆಯಲ್ಲಿಟ್ಟು ಮುಚ್ಚಳದ ಮೇಲೆ ಕೆಂಡ ಹಾಕಿ ಚರ್ಮ ಗರಿಯಾಗುವವರೆಗೆ ಬಿಡಬೇಕು. ಬ್ಯಾಡಗಿಯ ಕಾರ ಹಿತಮಿತವಾದ್ದರಿಂದ ದಪ್ಪಗೆ ಸವರಿದರೂ ಮಾಂಸದ ರುಚಿ ಮುಚ್ಚಿಹೋಗುವುದಿಲ್ಲ. ಬೇಯಿಸಿದ ನೀರು ಸಾರಾಗುತ್ತದೆ, ರೊಟ್ಟಿಗೂ ಕೊರತೆಯಾಗದು.

ಬಾತು ಎಲ್ಲಿಂದ ಎಂಬುದೂ ಮುಖ್ಯ. ಚಳಿಗಾಲದಲ್ಲಿ ನಮ್ಮ ಕೆರೆಗಳಿಗೆ ಬರುವ ಕಾಡುಬಾತುಗಳೂ, ನೆರೆಯ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ. ಅವು ನೋಡುವ ಹಕ್ಕಿಗಳು, ಗಡಿಗೆಯವಲ್ಲ. ಊಟಕ್ಕೆ ಸಾಕಿದ ಬಾತು ಬೇಕು. ಬೆಂಗಳೂರು ಬಳಿಯ ಹೆಸರಘಟ್ಟದ ಕೇಂದ್ರ ಸರ್ಕಾರದ ಕುಕ್ಕುಟ ಸಂಸ್ಥೆ ಮೊಟ್ಟೆಗೆ ಖಾಕಿ ಕ್ಯಾಂಪ್‌ಬೆಲ್, ಮಾಂಸಕ್ಕೆ ವೈಟ್ ಪೆಕಿನ್ ತಳಿಗಳನ್ನು ಬೆಳೆಸಿದೆ. ಹೊಂಡ, ಕಾಲುವೆ ನೀರಿರುವ ಹಾನಗಲ್, ರಾಣೆಬೆನ್ನೂರಿನ ರೈತರು ಹತ್ತಾರು ಬಾತುಗಳಿಂದ ಈ ಪ್ರಯೋಗವನ್ನು ಧೈರ್ಯವಾಗಿ ಆರಂಭಿಸಬಹುದು. ಮಾಂಸ ಉಣ್ಣುವ ಮನೆಗಳಲ್ಲಿ ಹಿರಿಯ ಹೆಂಗಸರಿಗೆ ಸುಡುವ, ತಿಕ್ಕುವ, ಕೆಂಡದಲ್ಲಿ ಹದ ನೋಡುವ ವಿದ್ಯೆ ಇನ್ನೂ ಗೊತ್ತಿದೆ. ಅಂಗಡಿಯಲ್ಲಿ ಚರ್ಮ ಸುಲಿದ ಕೋಳಿಯೇ ಸುಲಭವಾಗಿ ಸಿಗುವ ಈ ದಿನಗಳಲ್ಲಿ ಆ ವಿದ್ಯೆ ಮರೆತುಹೋಗಲು ಒಂದು ತಲೆಮಾರು ಸಾಕು. ಅದನ್ನು ಅವರಿಂದ ಕೇಳಿ ಕಲಿತು ಬರೆದಿಡುವ ಕೆಲಸ ಈಗಲೇ ಆಗಬೇಕು.